66ಎ: ಒಂದು ಕಲಮಿನ ಹುಟ್ಟು ಮತ್ತು ಸಾವು

2012ರ ನವೆಂಬರ್ 18, ಭಾನುವಾರ. ಶಿವಸೇನೆಯ ಸ್ಥಾಪಕ ಬಾಳ ಠಾಕ್ರೆ ಹಿಂದಿನ ದಿನ ನಿಧನರಾಗಿದ್ದರು. ಮುಂಬೈ ಮಹಾನಗರ ಸ್ತಬ್ಧವಾಗಿತ್ತು. ಅಂಗಡಿಗಳ ಬಾಗಿಲು ಮುಚ್ಚಿದ್ದವು, ವಾಹನಗಳು ರಸ್ತೆಗೆ ಇಳಿದಿರಲಿಲ್ಲ. ಮುಂಬೈಯ ಉತ್ತರಕ್ಕಿರುವ, ಆಗ ಠಾಣೆ ಜಿಲ್ಲೆಗೆ ಸೇರಿದ್ದ ಪಾಲ್ಘರ್ ಪಟ್ಟಣದ ಯುವತಿಯೊಬ್ಬಳು ತನ್ನ ಮನೆಯಲ್ಲಿ ಕುಳಿತು ಫೇಸ್‌ಬುಕ್‌ನಲ್ಲಿ ನಾಲ್ಕಾರು ಸಾಲು ಬರೆದಳು. ಜನ ದಿನವೂ ಹುಟ್ಟುತ್ತಾರೆ, ಸಾಯುತ್ತಾರೆ. ಅದಕ್ಕಾಗಿ ಊರು ಮುಚ್ಚಬೇಕೇ, ಗೌರವವನ್ನು ಗಳಿಸಬೇಕಲ್ಲದೆ ಹೇರಬಹುದೇ ಎಂಬುದು ಆ ಸಾಲುಗಳ ಸಾರಾಂಶ. ಅವಳ ಗೆಳತಿಯೊಬ್ಬಳು ಅದನ್ನು ಮೆಚ್ಚಿ 'ಲೈಕ್' ಗುಂಡಿ ಒತ್ತಿದಳು.

ಅಷ್ಟೇ. ಯುವತಿಯ ಸೋದರ ಸಂಬಂಧಿ ಹಿರಿಯರ ಆಸ್ಪತ್ರೆಗೆ ಗುಂಪೊಂದು ನುಗ್ಗಿ ಪೀಠೋಪಕರಣಗಳನ್ನು ಪುಡಿ ಮಾಡಿತು. ಪೊಲೀಸರು ಬರೆದವಳನ್ನೂ ಮೆಚ್ಚಿದವಳನ್ನೂ ಬಂಧಿಸಿದರು. ತಲಾ ಹದಿನೈದು ಸಾವಿರ ರೂಪಾಯಿಯ ಜಾಮೀನಿನ ಮೇಲೆ ಅವರಿಬ್ಬರೂ ಹೊರಬಂದರು. ಮುಂದೆ ಪೊಲೀಸ್ ಅಧಿಕಾರಿಗಳು ಅಮಾನತಾದರು, ಮೊಕದ್ದಮೆಯನ್ನೂ ಕೈಬಿಡಲಾಯಿತು. ಆದರೆ ಆ ವಾರ ದೇಶದ ಎಲ್ಲ ಪತ್ರಿಕೆಗಳಲ್ಲಿ ಒಂದು ಅಂಕೆ ಅಚ್ಚಾಯಿತು. ಅದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು.

ಈ ಕಲಮು ಎಲ್ಲಿಂದ ಬಂತು? ಅದು ಯಾರನ್ನು ಕಾಪಾಡಲು ಹುಟ್ಟಿತು, ಯಾರ ಮೇಲೆ ಬಿತ್ತು? ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೂ ಪೊಲೀಸ್ ಠಾಣೆಗಳಲ್ಲಿ ಅದು ಉಸಿರಾಡುತ್ತಲೇ ಇದ್ದುದು ಹೇಗೆ? ಈ ಪ್ರಶ್ನೆಗಳ ಹಿಂದೆ ಹೊರಟರೆ ದಾರಿ ಕಂಪ್ಯೂಟರಿನ ಕಾಲವನ್ನು ದಾಟಿ, ಹಳೆಯ ಅಂಚೆ ಕಚೇರಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಅಂಚೆ ಕಚೇರಿಯ ಬೇರು

ಕಾಗದದ ಮೂಲಕ ಬೈಯುವುದು, ಹೆದರಿಸುವುದು, ಅಶ್ಲೀಲ ಬರೆದು ಕಳಿಸುವುದು ಹೊಸತೇನಲ್ಲ. ಬ್ರಿಟಿಷ್ ಸರ್ಕಾರ 1898ರಲ್ಲಿ ಜಾರಿಗೆ ತಂದ ಭಾರತೀಯ ಅಂಚೆ ಕಚೇರಿ ಕಾಯಿದೆಯ 20ನೇ ಕಲಮು, ಅಸಭ್ಯ, ಅಶ್ಲೀಲ, ರಾಜದ್ರೋಹಕರ, ನಿಂದಾತ್ಮಕ, ಬೆದರಿಕೆಯ ಅಥವಾ ತೀರಾ ಮನನೋಯಿಸುವ ಪದಗಳಿರುವ ಯಾವ ವಸ್ತುವನ್ನೂ ಅಂಚೆಯಲ್ಲಿ ಕಳಿಸಬಾರದೆಂದು ವಿಧಿಸಿತ್ತು. ಪರರ ಮನೆಬಾಗಿಲಿಗೆ ಬೈಗುಳವನ್ನು ಸರ್ಕಾರದ ಅಂಚೆಯವನೇ ಹೊತ್ತು ತಲುಪಿಸುವಂತಾಗಬಾರದು ಎಂಬುದು ಅದರ ಹಿಂದಿನ ತರ್ಕ. ಆದರೆ ಆ ಪಟ್ಟಿಯಲ್ಲಿ ಅಶ್ಲೀಲದ ಪಕ್ಕದಲ್ಲೇ ರಾಜದ್ರೋಹವೂ ಕುಳಿತಿದ್ದುದನ್ನು ಗಮನಿಸಬೇಕು. ಜನರ ಮನಸ್ಸಿಗೆ ಆಗುವ ನೋವು, ಆಳುವವರಿಗೆ ಆಗುವ ನೋವು ಎರಡಕ್ಕೂ ಒಂದೇ ಔಷಧ.

ಇಂಗ್ಲೆಂಡಿನಲ್ಲಿ ಅಂಚೆಯ ಜತೆಗೆ ದೂರವಾಣಿ ಬಂತು. ಕರೆಗಳನ್ನು ಜೋಡಿಸುವ ವಿನಿಮಯ ಕೇಂದ್ರಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಮುಖ ಕಾಣದ ಧೈರ್ಯದಲ್ಲಿ ಅವರೊಂದಿಗೆ ಹೊಲಸು ಮಾತನಾಡುವವರಿಗೆ ಕಡಿಮೆಯಿರಲಿಲ್ಲ. ಈ ದೂರವಾಣಿ ನಿರ್ವಾಹಕಿಯರ ರಕ್ಷಣೆಯ ಉದ್ದೇಶದಿಂದಲೇ 1935ರಲ್ಲಿ ಅಂಚೆ ಕಚೇರಿ ತಿದ್ದುಪಡಿ ಕಾಯಿದೆಯ ನಿಯಮ ಹುಟ್ಟಿತೆಂದು ಅಲ್ಲಿನ ಕಾನೂನುತಜ್ಞರು ಹೇಳುತ್ತಾರೆ. ತೀರಾ ಮನನೋಯಿಸುವ, ಅಸಭ್ಯವಾದ ಅಥವಾ ಬೆದರಿಕೆಯ ಸಂದೇಶವನ್ನು ದೂರವಾಣಿಯಲ್ಲಿ ಕಳಿಸುವುದು ಅಪರಾಧವಾಯಿತು. ಇನ್ನೊಬ್ಬರಿಗೆ ಕಿರಿಕಿರಿ, ಅನನುಕೂಲ ಅಥವಾ ಅನಗತ್ಯ ಆತಂಕ ಉಂಟುಮಾಡಲು ಸುಳ್ಳೆಂದು ಗೊತ್ತಿರುವ ಸಂದೇಶ ಕಳಿಸುವುದೂ ಅಪರಾಧವಾಯಿತು.

ಈ ಪದಗುಚ್ಛ ಕಾಯಿದೆಯಿಂದ ಕಾಯಿದೆಗೆ ಆಸ್ತಿಯಂತೆ ವರ್ಗವಾಗುತ್ತಾ ಬಂತು. 1953, 1969, 1981, 1984ರ ಕಾನೂನುಗಳನ್ನು ದಾಟಿ ಅದು 2003ರ ಬ್ರಿಟಿಷ್ ಸಂವಹನ ಕಾಯಿದೆಯ 127ನೇ ಕಲಮಾಗಿ ನಿಂತಿತು. ಆ ಹೊತ್ತಿಗೆ ವಿನಿಮಯ ಕೇಂದ್ರದ ಹೆಣ್ಣುಮಕ್ಕಳು ಇರಲಿಲ್ಲ. ಸಂದೇಶ ಒಬ್ಬರಿಂದ ಒಬ್ಬರಿಗೆ ಹೋಗುವ ಕಾಲವೂ ಮುಗಿಯುತ್ತಿತ್ತು. ಒಬ್ಬ ಬರೆದದ್ದನ್ನು ಲಕ್ಷ ಜನ ಓದುವ ಕಾಲ ಬರುತ್ತಿತ್ತು. ಪದಗಳು ಮಾತ್ರ 1935ರವೇ ಆಗಿದ್ದವು.

ಚರ್ಚೆಯಿಲ್ಲದ ಅಂಗೀಕಾರ

ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು 2000ದಲ್ಲಿ. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಒಂದು ಪೊಲೀಸ್ ಠಾಣೆ ಆರಂಭವಾಯಿತು. ಮೂಲ ಕಾಯಿದೆಯ ಮುಖ್ಯ ಗುರಿ ವಿದ್ಯುನ್ಮಾನ ವಾಣಿಜ್ಯಕ್ಕೆ ಕಾನೂನಿನ ಮಾನ್ಯತೆ ಕೊಡುವುದಾಗಿತ್ತು. ಅಶ್ಲೀಲ ಸಾಮಗ್ರಿಯನ್ನು ಪ್ರಕಟಿಸುವವರನ್ನು ಶಿಕ್ಷಿಸಲು 67ನೇ ಕಲಮು ಅದರಲ್ಲಿತ್ತು. 2004ರಲ್ಲಿ ಚೆನ್ನೈಯ ನ್ಯಾಯಾಲಯವೊಂದು, ಒಬ್ಬ ಮಹಿಳೆಯ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹೊಲಸು ಸಂದೇಶಗಳನ್ನು ಹರಡಿದ ವ್ಯಕ್ತಿಗೆ ಈ ಕಲಮಿನಡಿ ಹಾಗೂ ದಂಡಸಂಹಿತೆಯಡಿ ಶಿಕ್ಷೆ ವಿಧಿಸಿತು. ದೂರು ದಾಖಲಾದ ಕೆಲವೇ ತಿಂಗಳಲ್ಲಿ ತೀರ್ಪು ಬಂದಿತ್ತು. ಇದ್ದ ಕಾನೂನನ್ನೇ ಶ್ರದ್ಧೆಯಿಂದ ಬಳಸಿದರೆ ಏನು ಸಾಧ್ಯ ಎಂಬುದಕ್ಕೆ ಅದೊಂದು ನಿದರ್ಶನ.

2008ರ ನವೆಂಬರ್ 26ರಂದು ಮುಂಬೈ ಮೇಲೆ ಭಯೋತ್ಪಾದಕರ ದಾಳಿ ನಡೆಯಿತು. ಅದರ ಮರು ತಿಂಗಳು, ಡಿಸೆಂಬರ್ 22ರಂದು, ಸದನದ ಗದ್ದಲದ ನಡುವೆ ಲೋಕಸಭೆ ಮಾಹಿತಿ ತಂತ್ರಜ್ಞಾನ ತಿದ್ದುಪಡಿ ಮಸೂದೆಗೆ ಚರ್ಚೆಯಿಲ್ಲದೆಯೇ ಒಪ್ಪಿಗೆ ನೀಡಿತು. ಮರುದಿನ ರಾಜ್ಯಸಭೆಯೂ ಒಪ್ಪಿತು. 2009ರ ಅಕ್ಟೋಬರ್ 27ರಿಂದ ತಿದ್ದುಪಡಿ ಜಾರಿಗೆ ಬಂತು. 66ಎ ಹುಟ್ಟಿದ್ದು ಹೀಗೆ.

ಅದರಲ್ಲಿ ಮೂರು ಉಪಖಂಡಗಳಿದ್ದವು. ತೀರಾ ಮನನೋಯಿಸುವ ಅಥವಾ ಬೆದರಿಕೆಯ ಸ್ವರೂಪದ ಮಾಹಿತಿಯನ್ನು ಕಂಪ್ಯೂಟರ್ ಅಥವಾ ಸಂಪರ್ಕ ಸಾಧನದ ಮೂಲಕ ಕಳಿಸುವುದು ಮೊದಲನೆಯದು. ಸುಳ್ಳೆಂದು ತಿಳಿದೂ ಕಿರಿಕಿರಿ, ಅನನುಕೂಲ, ಅಪಾಯ, ಅಡಚಣೆ, ಅವಮಾನ, ಹಾನಿ, ದ್ವೇಷ ಮುಂತಾದವನ್ನು ಉಂಟುಮಾಡಲು ಪದೇ ಪದೇ ಕಳಿಸುವುದು ಎರಡನೆಯದು. ಕಿರಿಕಿರಿ ಮಾಡಲು ಅಥವಾ ಕಳಿಸಿದವರು ಯಾರೆಂಬ ಬಗ್ಗೆ ಮೋಸಗೊಳಿಸಲು ಇ-ಮೇಲ್ ಕಳಿಸುವುದು ಮೂರನೆಯದು. ಶಿಕ್ಷೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಇಂಗ್ಲೆಂಡಿನ 127ನೇ ಕಲಮಿನಲ್ಲಿ ಗರಿಷ್ಠ ಶಿಕ್ಷೆ ಆರು ತಿಂಗಳು. ನಮ್ಮವರು ಪದಗಳನ್ನು ಎರವಲು ತಂದರು, ಶಿಕ್ಷೆಯನ್ನು ಆರು ಪಟ್ಟು ಬೆಳೆಸಿದರು. ಅಲ್ಲದೆ ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾಗಿತ್ತು. 'ಕಿರಿಕಿರಿ' ಎಂದರೇನು, 'ಅನನುಕೂಲ' ಎಂದರೇನು ಎಂಬುದಕ್ಕೆ ಕಾಯಿದೆಯಲ್ಲಿ ವ್ಯಾಖ್ಯೆಯಿರಲಿಲ್ಲ. ಅದನ್ನು ನಿರ್ಧರಿಸುವ ಕೆಲಸ ಠಾಣೆಯ ಮೇಜಿಗೆ ಬಿತ್ತು.

ನೋವು ನಿಜವೇ, ಆದರೆ...

ಅಂತರ್ಜಾಲದಲ್ಲಿ ಜನರಿಗೆ ಆಗುತ್ತಿದ್ದ ಹಿಂಸೆ ಕಲ್ಪಿತವಲ್ಲ. 2012ರ ಅಕ್ಟೋಬರ್‌ನಲ್ಲಿ ಗಾಯಕಿ ಚಿನ್ಮಯಿ ಶ್ರೀಪಾದ, ಟ್ವಿಟರ್‌ನಲ್ಲಿ ತಮ್ಮ ವಿರುದ್ಧ ಅಸಭ್ಯ ಬರಹಗಳ ಸುರಿಮಳೆಯಾಗುತ್ತಿದೆ ಎಂದು ಚೆನ್ನೈ ಪೊಲೀಸರಿಗೆ ದೂರಿತ್ತರು. ಆಗ ಬಂಧನಗಳಾದದ್ದು ಇದೇ 66ಎ ಹಾಗೂ ಮಹಿಳೆಯರ ಮೇಲಿನ ಕಿರುಕುಳ ತಡೆಯುವ ತಮಿಳುನಾಡಿನ ಕಾಯಿದೆಯಡಿ. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಇನ್ನೊಂದು ಬಗೆಯ ಅನಾಹುತವನ್ನು ಕಂಡಿತ್ತು. ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಿದಾಡಿ, ಸಾವಿರಾರು ಮಂದಿ ಕೆಲಸ, ಓದು ಬಿಟ್ಟು ನಗರದ ರೈಲು ನಿಲ್ದಾಣದಲ್ಲಿ ಕಿಕ್ಕಿರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸುವುದನ್ನು ನಿರ್ಬಂಧಿಸಿತು.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎನ್ನುವ ಗಾದೆ ಕನ್ನಡಿಗರಿಗೆ ಗೊತ್ತಿರುವುದೇ. ಮಾತಿಗೆ ಕೆಡಿಸುವ ಶಕ್ತಿ ಇದೆ ಎಂಬುದರಲ್ಲಿ ತಕರಾರಿಲ್ಲ. ಆದರೆ 66ಎ ಮನೆ ಕೆಡಿಸುವ ಮಾತಿಗೂ ಮನೆಯ ಯಜಮಾನನನ್ನು ಪ್ರಶ್ನಿಸುವ ಮಾತಿಗೂ ಭೇದ ಮಾಡಲಿಲ್ಲ.

2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನವಿಜ್ಞಾನ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರ ಬಂಧನವಾಯಿತು. ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರನ್ನು ಕುರಿತ ವ್ಯಂಗ್ಯಚಿತ್ರವೊಂದನ್ನು ಇ-ಮೇಲ್‌ನಲ್ಲಿ ಪರಿಚಿತರಿಗೆ ಕಳಿಸಿದ್ದೇ ಅವರ ತಪ್ಪು. ಸೆಪ್ಟೆಂಬರ್‌ನಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ ಅವರನ್ನು ಮುಂಬೈಯಲ್ಲಿ ರಾಜದ್ರೋಹದ ಜತೆಗೆ 66ಎ ಆರೋಪವನ್ನೂ ಹೊರಿಸಿ ಬಂಧಿಸಲಾಯಿತು. ಅಕ್ಟೋಬರ್‌ನಲ್ಲಿ ಪುದುಚೇರಿಯ ಸಣ್ಣ ಉದ್ಯಮಿಯೊಬ್ಬರು, ಆಗಿನ ಕೇಂದ್ರ ಹಣಕಾಸು ಸಚಿವರ ಮಗನ ಆಸ್ತಿಯ ಬಗ್ಗೆ ಟ್ವಿಟರ್‌ನಲ್ಲಿ ಒಂದು ಮಾತು ಬರೆದು ಬಂಧಿತರಾದರು. ಅವರ ಬರಹಗಳನ್ನು ಅಲ್ಲಿ ಹಿಂಬಾಲಿಸುತ್ತಿದ್ದವರು ಇಪ್ಪತ್ತು ಮಂದಿಯೂ ಇರಲಿಲ್ಲ. ನವೆಂಬರ್‌ನಲ್ಲಿ ಪಾಲ್ಘರ್. 2014ರ ಮೇನಲ್ಲಿ, ಲೋಕಸಭಾ ಚುನಾವಣೆಯ ಫಲಿತಾಂಶದ ಬಳಿಕ, ನರೇಂದ್ರ ಮೋದಿಯವರನ್ನು ಹೀಗಳೆಯುವ ಚಿತ್ರ ಸಂದೇಶ ಹರಡಿದನೆಂದು ಬೆಂಗಳೂರಿನಲ್ಲಿ ಎಂಬಿಎ ವಿದ್ಯಾರ್ಥಿಯೊಬ್ಬನ ಬಂಧನವಾಯಿತು.

ಈ ಪಟ್ಟಿಯಲ್ಲಿ ಒಂದು ಸಾಮ್ಯವಿದೆ. ಆಳುವ ಪಕ್ಷಗಳು ಬೇರೆ ಬೇರೆ, ರಾಜ್ಯಗಳು ಬೇರೆ ಬೇರೆ. ಆದರೆ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ 'ಮನನೊಂದವರು' ಅಧಿಕಾರದಲ್ಲಿದ್ದವರು, ಅವರ ಮನೆಯವರು ಅಥವಾ ಅವರ ಅಭಿಮಾನಿಗಳು. ದೂರವಾಣಿ ನಿರ್ವಾಹಕಿಗೆಂದು ಹೊಲಿದ ರಕ್ಷಾಕವಚವನ್ನು ಮಂತ್ರಿಮಹೋದಯರು ತೊಟ್ಟುಕೊಂಡಿದ್ದರು.

ನ್ಯಾಯಾಲಯದ ಮುಂದೆ

ಇಂಗ್ಲೆಂಡಿನಲ್ಲಿ ಖಗೋಳ ಭೌತವಿಜ್ಞಾನ ಓದಿ ದೆಹಲಿಗೆ ಮರಳಿದ್ದ, ಕಾನೂನು ಶಿಕ್ಷಣಕ್ಕೆ ಸಿದ್ಧವಾಗುತ್ತಿದ್ದ ಶ್ರೇಯಾ ಸಿಂಘಲ್ ಎಂಬ ಯುವತಿ ಪಾಲ್ಘರ್ ಘಟನೆಯ ಬೆನ್ನಿಗೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2012ರ ನವೆಂಬರ್ ಕೊನೆಗೆ ಅರ್ಜಿ ಮುಖ್ಯ ನ್ಯಾಯಮೂರ್ತಿ ಅಲ್ತಮಸ್ ಕಬೀರ್ ಅವರ ಪೀಠದ ಮುಂದೆ ಬಂದಾಗ, ಈ ಕಲಮನ್ನು ಇಷ್ಟು ದಿನ ಯಾರೂ ಏಕೆ ಪ್ರಶ್ನಿಸಲಿಲ್ಲ ಎಂದು ಅವರೇ ಅಚ್ಚರಿಪಟ್ಟರು. ಮುಂದೆ ಪಿಯುಸಿಎಲ್ ಸೇರಿದಂತೆ ಹಲವು ಸಂಸ್ಥೆಗಳು, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್ ಮುಂತಾದವರು ಪ್ರತ್ಯೇಕ ಅರ್ಜಿಗಳನ್ನು ಸಲ್ಲಿಸಿದರು. 2013ರ ಜನವರಿಯಲ್ಲಿ ಕೇಂದ್ರ ಸರ್ಕಾರ, ಹಿರಿಯ ಪೊಲೀಸ್ ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಈ ಕಲಮಿನಡಿ ಯಾರನ್ನೂ ಬಂಧಿಸಬಾರದೆಂದು ರಾಜ್ಯಗಳಿಗೆ ಸೂಚನೆ ಕಳಿಸಿತು. ಬಂಧನಗಳು ಅದರಿಂದ ನಿಲ್ಲಲಿಲ್ಲ.

2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಜೆ. ಚೆಲಮೇಶ್ವರ್ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ ತೀರ್ಪು ನೀಡಿತು. ಪೀಠದ ಪರವಾಗಿ ಬರೆದವರು ನಾರಿಮನ್. 66ಎ ಇಡಿಯಾಗಿ ಸಂವಿಧಾನಬಾಹಿರವೆಂದು ಘೋಷಣೆಯಾಯಿತು.

ತೀರ್ಪಿನ ತರ್ಕ ಸರಳ. ಸಂವಿಧಾನದ 19(1)(ಎ) ವಿಧಿ ಪ್ರಜೆಗಳಿಗೆ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. 19(2)ನೇ ವಿಧಿ ಅದಕ್ಕೆ ಹಾಕಬಹುದಾದ ಬೇಲಿಗಳನ್ನು ಎಣಿಸಿ ಹೇಳಿದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ: ಇವಿಷ್ಟೇ ಆ ಎಂಟು. 'ಕಿರಿಕಿರಿ' ಈ ಪಟ್ಟಿಯಲ್ಲಿಲ್ಲ, 'ಅನನುಕೂಲ'ವೂ ಇಲ್ಲ. ವಿಷಯವೊಂದನ್ನು ಚರ್ಚಿಸುವುದು ಬೇರೆ, ಪ್ರತಿಪಾದಿಸುವುದು ಬೇರೆ, ಪ್ರಚೋದಿಸುವುದು ಬೇರೆ. ಮೊದಲ ಎರಡು ಎಷ್ಟೇ ಅಪ್ರಿಯವಾಗಿದ್ದರೂ ಸ್ವಾತಂತ್ರ್ಯದ ತಿರುಳು. ಮಾತು ಪ್ರಚೋದನೆಯ ಮಟ್ಟಕ್ಕೆ ಮುಟ್ಟಿದಾಗಲಷ್ಟೇ ಕಾನೂನು ಕೈ ಹಾಕಬಹುದು ಎಂದಿತು ಪೀಠ.

ಈ ತರ್ಕಕ್ಕೆ ಹಳೆಯ ಆಧಾರಗಳಿದ್ದವು. ಅವುಗಳಲ್ಲಿ ಒಂದು ರಾಮಮನೋಹರ ಲೋಹಿಯಾ ಅವರ ಮೊಕದ್ದಮೆ. ಕಾಗೋಡು ಸತ್ಯಾಗ್ರಹದ ದಿನಗಳಿಂದ ಕರ್ನಾಟಕಕ್ಕೆ ಚಿರಪರಿಚಿತರಾದ ಲೋಹಿಯಾ, 1954ರಲ್ಲಿ ಉತ್ತರ ಪ್ರದೇಶದ ರೈತರಿಗೆ ಹೆಚ್ಚಿಸಿದ ನೀರಿನ ಕರ ಕೊಡಬೇಡಿ ಎಂದು ಕರೆಯಿತ್ತು ಬಂಧಿತರಾಗಿದ್ದರು. ಅವರ ಬಂಧನಕ್ಕೆ ಆಧಾರವಾಗಿದ್ದ 1932ರ ಕಾಯಿದೆಯ ಕಲಮನ್ನು ಸುಪ್ರೀಂ ಕೋರ್ಟ್ 1960ರಲ್ಲಿ ತಳ್ಳಿಹಾಕಿತು. ಆಡಿದ ಮಾತಿಗೂ ಶಾಂತಿಭಂಗಕ್ಕೂ ನೇರವಾದ, ಹತ್ತಿರದ ಸಂಬಂಧ ಇರಬೇಕು. ಎಲ್ಲಿಯದೋ ಎಳೆಯನ್ನು ಎಲ್ಲಿಗೋ ಗಂಟು ಹಾಕಿದರೆ ಸಾಲದು ಎಂಬುದು ಆ ತೀರ್ಪಿನ ಹುರುಳು. 1989ರ ರಂಗರಾಜನ್ ಮೊಕದ್ದಮೆಯಲ್ಲಿ ಇದೇ ನಿಲುವು ಇನ್ನಷ್ಟು ಗಟ್ಟಿಯಾಗಿತ್ತು.

ಅಸ್ಪಷ್ಟತೆಯ ಪ್ರಶ್ನೆ ಇನ್ನೊಂದು. ಇಲ್ಲಿ ನಾರಿಮನ್ ಇಂಗ್ಲೆಂಡಿನ ಎರಡು ಮೊಕದ್ದಮೆಗಳನ್ನೇ ಸಾಕ್ಷಿಗೆ ಕರೆದರು. ಸಂಸತ್ ಸದಸ್ಯರೊಬ್ಬರ ಕಚೇರಿಗೆ ಪದೇ ಪದೇ ದೂರವಾಣಿ ಮಾಡಿ ವರ್ಣದ್ವೇಷದ ಮಾತನಾಡಿದ ವ್ಯಕ್ತಿಯನ್ನು ಕೆಳಗಿನ ಎರಡು ಹಂತಗಳಲ್ಲಿ ನಿರ್ದೋಷಿಯೆಂದರೆ, 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದು ತಪ್ಪೆಂದಿತು. ಹಿಮದಿಂದಾಗಿ ಮುಚ್ಚಿದ ವಿಮಾನ ನಿಲ್ದಾಣವನ್ನು ಸ್ಫೋಟಿಸುವುದಾಗಿ 2010ರಲ್ಲಿ ಟ್ವಿಟರ್‌ನಲ್ಲಿ ತಮಾಷೆಗೆ ಬರೆದ ಯುವಕನಿಗೆ ಕೆಳಗಿನ ನ್ಯಾಯಾಲಯಗಳು ಶಿಕ್ಷೆ ಕೊಟ್ಟರೆ, 2012ರಲ್ಲಿ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಪಳಗಿದ ನ್ಯಾಯಾಧೀಶರೇ ಅವವೇ ಪದಗಳನ್ನು ಓದಿ, ಅವವೇ ಸಂಗತಿಗಳನ್ನು ನೋಡಿ, ಪರಸ್ಪರ ವಿರುದ್ಧವಾದ ತೀರ್ಮಾನಕ್ಕೆ ಬರುವುದಾದರೆ, ಸಾಮಾನ್ಯ ಪ್ರಜೆಗೆ ಯಾವುದು ಅಪರಾಧ, ಯಾವುದು ಅಲ್ಲ ಎಂದು ಗೊತ್ತಾಗುವುದು ಹೇಗೆ? ಠಾಣೆಯ ಸಬ್ ಇನ್‌ಸ್ಪೆಕ್ಟರಿಗೆ ಗೊತ್ತಾಗುವುದು ಹೇಗೆ?

ಕಲಮನ್ನು ವಿವೇಚನೆಯಿಂದ ಬಳಸುತ್ತೇವೆ ಎಂದು ಸರ್ಕಾರದ ವಕೀಲರು ಭರವಸೆಯಿತ್ತರು. ಸರ್ಕಾರಗಳು ಬರುತ್ತವೆ, ಹೋಗುತ್ತವೆ, ಕಲಮು ಮಾತ್ರ ಉಳಿಯುತ್ತದೆ. ಇಂದಿನ ಸರ್ಕಾರದ ಭರವಸೆ ನಾಳಿನ ಸರ್ಕಾರವನ್ನು ಕಟ್ಟಿಹಾಕದು ಎಂದು ಪೀಠ ಉತ್ತರಿಸಿತು.

ಒಂದು ಅಂಶ ಮಾತ್ರ ಆ ದಿನದ ಸಂಭ್ರಮದಲ್ಲಿ ಮರೆಯಾಯಿತು. ಅಂತರ್ಜಾಲಕ್ಕೆ ಪ್ರತ್ಯೇಕ ಅಪರಾಧಗಳನ್ನು ರಚಿಸಲೇಬಾರದೆಂದು ನ್ಯಾಯಾಲಯ ಹೇಳಲಿಲ್ಲ. ಗುಂಡಿಯೊಂದನ್ನು ಒತ್ತಿದರೆ ಕೋಟ್ಯಂತರ ಜನರಿಗೆ ತಲುಪುವ ಮಾಧ್ಯಮ ಇತರ ಮಾಧ್ಯಮಗಳಿಗಿಂತ ಭಿನ್ನವೆಂದೂ, ಅದಕ್ಕೆ ಬೇರೆ ಕಾನೂನು ಮಾಡಬಹುದೆಂದೂ ಒಪ್ಪಿತು. ಮಾಡುವಾಗ ಗುರಿಯಿಟ್ಟು, ಸ್ಪಷ್ಟವಾಗಿ ಮಾಡಿ ಎಂಬುದಷ್ಟೇ ಷರತ್ತು.

ಇತರರ ಪಾಡು

ಈ ಪೇಚು ಭಾರತಕ್ಕೆ ಮಾತ್ರ ಬಂದದ್ದಲ್ಲ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದಲ್ಲಿ ಅಂತರ್ಜಾಲದ ಹಿಂಸೆಯಿಂದ ನೊಂದ ಹದಿನೇಳರ ಹುಡುಗಿಯೊಬ್ಬಳು 2013ರ ಏಪ್ರಿಲ್‌ನಲ್ಲಿ ಪ್ರಾಣ ಕಳೆದುಕೊಂಡಳು. ಜನಾಕ್ರೋಶ ಎಷ್ಟಿತ್ತೆಂದರೆ ಮರು ತಿಂಗಳೇ ಸೈಬರ್ ಸುರಕ್ಷತಾ ಕಾಯಿದೆ ಬಂತು. ಇನ್ನೊಬ್ಬರ ಭಾವನೆಗೆ, ಆತ್ಮಗೌರವಕ್ಕೆ, ಹೆಸರಿಗೆ ಧಕ್ಕೆ ತರಬಹುದಾದ ಯಾವುದೇ ವಿದ್ಯುನ್ಮಾನ ಸಂವಹನ ಅದರಡಿ ಬರುತ್ತಿತ್ತು. ಎರಡೇ ವರ್ಷದಲ್ಲಿ, 2015ರ ಡಿಸೆಂಬರ್‌ನಲ್ಲಿ, ಅಲ್ಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆ ಮೊಕದ್ದಮೆ ಬಂದದ್ದು ಮಕ್ಕಳ ಹಿಂಸೆಯ ಕುರಿತಾಗಿ ಅಲ್ಲ, ಹಿಂದೆ ಪಾಲುದಾರರಾಗಿದ್ದ ಇಬ್ಬರು ವ್ಯಾಪಾರಿಗಳ ಜಗಳದಿಂದ. 2018ರಲ್ಲಿ ಆ ಪ್ರಾಂತ ಖಾಸಗಿ ಚಿತ್ರಗಳ ಪ್ರಕಟಣೆಗೆ ಒತ್ತು ಕೊಟ್ಟ, ಸಂಕುಚಿತ ವ್ಯಾಖ್ಯೆಯ ಹೊಸ ಕಾಯಿದೆಯನ್ನು ಜಾರಿಗೆ ತಂದಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಕೌಂಟಿಯ ಇಂಥದೇ ಕಾನೂನನ್ನು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2014ರಲ್ಲಿ ತಳ್ಳಿಹಾಕಿತ್ತು. ಸಹಪಾಠಿಗಳನ್ನು ಕ್ರೂರವಾಗಿ ಹೀಗಳೆದ ಬಾಲಕನ ವರ್ತನೆ ಹೇಯವೆಂದು ಒಪ್ಪಿಯೂ, ಬಲೆಯನ್ನು ಅಷ್ಟು ಅಗಲ ಬೀಸುವಂತಿಲ್ಲ ಎಂದಿತ್ತು.

ನಮ್ಮ ನೆರೆಯ ಕೇರಳವೂ ಈ ಹಾದಿಯಲ್ಲಿ ಎರಡು ಬಾರಿ ಎಡವಿತು. 66ಎ ಜತೆಗೇ ಕೇರಳ ಪೊಲೀಸ್ ಕಾಯಿದೆಯ 118(ಡಿ) ಕಲಮೂ 2015ರಲ್ಲಿ ರದ್ದಾಗಿತ್ತು. 2020ರ ನವೆಂಬರ್‌ನಲ್ಲಿ, ಮಹಿಳೆಯರ ಮೇಲಿನ ಅಂತರ್ಜಾಲ ದಾಳಿಯನ್ನು ತಡೆಯಲೆಂದು ಅಲ್ಲಿನ ಸರ್ಕಾರ 118ಎ ಎಂಬ ಹೊಸ ಕಲಮನ್ನು ಸುಗ್ರೀವಾಜ್ಞೆಯ ಮೂಲಕ ತಂದಿತು. ಅದರ ಪದಗಳು ಪತ್ರಿಕೆಗಳನ್ನೂ ವಿರೋಧಿಗಳನ್ನೂ ಹಿಡಿಯುವಷ್ಟು ವಿಶಾಲವಾಗಿದ್ದವು. ಎರಡೇ ದಿನದಲ್ಲಿ ಮುಖ್ಯಮಂತ್ರಿ ಅದನ್ನು ಜಾರಿ ಮಾಡುವುದಿಲ್ಲವೆಂದು ಘೋಷಿಸಬೇಕಾಯಿತು.

ಸತ್ತ ಮೇಲೂ ಬದುಕಿದ ಕಲಮು

66ಎ ಕಥೆಯ ವಿಚಿತ್ರ ಅಧ್ಯಾಯ ಆರಂಭವಾಗುವುದೇ ಅದು ರದ್ದಾದ ಮೇಲೆ. 2018ರಲ್ಲಿ ಅಭಿನವ್ ಸೆಖ್ರಿ ಮತ್ತು ಅಪಾರ್ ಗುಪ್ತ ಎಂಬ ವಕೀಲರು ಅಧ್ಯಯನವೊಂದನ್ನು ಪ್ರಕಟಿಸಿ, ಪೊಲೀಸರು ಈ ಕಲಮಿನಡಿ ಮೊಕದ್ದಮೆ ಹೂಡುತ್ತಲೇ ಇದ್ದಾರೆಂದು ತೋರಿಸಿದರು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿಯನ್ನು ಎಲ್ಲ ಹೈಕೋರ್ಟುಗಳಿಗೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೂ ತಲುಪಿಸಲು ಆದೇಶಿಸಿತು. 2021ರಲ್ಲಿ ಪಿಯುಸಿಎಲ್ ಮತ್ತೆ ನ್ಯಾಯಾಲಯಕ್ಕೆ ಬಂದು, ಹನ್ನೊಂದು ರಾಜ್ಯಗಳಲ್ಲಿ 745 ಪ್ರಕರಣಗಳು ಇನ್ನೂ ಬಾಕಿಯಿವೆ ಎಂದಿತು. ಅಂದು ಪೀಠದಲ್ಲಿ ಕುಳಿತಿದ್ದವರು ಅದೇ ನಾರಿಮನ್. ಆರು ವರ್ಷಗಳ ಹಿಂದೆ ತಾವೇ ಕೈಯಾರೆ ಬರೆದ ತೀರ್ಪಿನ ಗತಿ ಕಂಡು ಅವರು ಆಘಾತ ವ್ಯಕ್ತಪಡಿಸಿದರು.

ಇದಕ್ಕೆ ಕಾರಣ ದುರುದ್ದೇಶವೊಂದೇ ಅಲ್ಲ. ಠಾಣೆಯ ಕಪಾಟಿನಲ್ಲಿರುವ ಕಾಯಿದೆ ಪುಸ್ತಕದಲ್ಲಿ 66ಎ ಅಚ್ಚಾಗಿಯೇ ಇತ್ತು, ರದ್ದಾಗಿದೆ ಎಂಬ ಮಾತು ಅಡಿಟಿಪ್ಪಣಿಯಲ್ಲಿತ್ತು. ನ್ಯಾಯಾಲಯ ರದ್ದು ಮಾಡಿದ ಕಲಮನ್ನು ಸಂಸತ್ತು ಪುಸ್ತಕದಿಂದ ತೆಗೆಯುವವರೆಗೂ ಅದು ಅಕ್ಷರರೂಪದಲ್ಲಿ ಉಳಿದುಕೊಳ್ಳುತ್ತದೆ. ತೀರ್ಪು ದೆಹಲಿಯಿಂದ ಹೋಬಳಿ ಠಾಣೆಗೆ ಇಳಿಯುವ ಏಣಿಯ ಮೆಟ್ಟಿಲುಗಳು ಬಹಳ. 2022ರ ಅಕ್ಟೋಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರ ಪೀಠ, ಈ ಕಲಮಿನಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಕೂಡದೆಂದು ಸ್ಪಷ್ಟ ಆದೇಶ ನೀಡಿದ ಬಳಿಕವೇ ರಾಜ್ಯಗಳು ಎಚ್ಚೆತ್ತವು.

ನೊಂದವರಿಗೆ ಉಳಿದದ್ದೇನು?

66ಎ ಹೋದ ಮೇಲೆ ಹಿಂಸೆಗೊಳಗಾದವರು ಅನಾಥರಾದರೇ? ಪೂರ್ತಿ ಹಾಗಲ್ಲ. ದೆಹಲಿಯ ಅತ್ಯಾಚಾರ ಪ್ರಕರಣದ ಬಳಿಕ 2013ರಲ್ಲಿ ದಂಡಸಂಹಿತೆಗೆ ಸೇರಿದ 354ಡಿ ಕಲಮು, ಮಹಿಳೆಯನ್ನು ಹಿಂಬಾಲಿಸುವುದರ ಜತೆಗೆ ಅಂತರ್ಜಾಲದಲ್ಲಿ ಅವಳ ಚಲನವಲನದ ಮೇಲೆ ಕಣ್ಣಿಡುವುದನ್ನೂ ಅಪರಾಧವಾಗಿಸಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಮು. ಬೆದರಿಕೆ, ಮಾನಹಾನಿ, ಮಹಿಳೆಯ ಘನತೆಗೆ ಕುಂದು ತರುವ ಮಾತು ಇವಕ್ಕೂ ಅಲ್ಲಿ ಕಲಮುಗಳಿವೆ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದು ಹರಡುವುದನ್ನು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಶಿಕ್ಷಿಸುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್‌ನಲ್ಲಿ ಬಂದ ತೀರ್ಪು, ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಇಂಥ ಕಾನೂನುಗಳಿಗೆ ಸಂವಿಧಾನದ ಬಲ ಕೊಟ್ಟಿತು.

ಈ ಕಲಮುಗಳಿಗೂ 66ಎಗೂ ಇರುವ ವ್ಯತ್ಯಾಸ ಇಷ್ಟೇ. ಇವು ಮಾಡಿದ ಕೃತ್ಯವನ್ನು ಹೆಸರಿಸುತ್ತವೆ. ಹಿಂಬಾಲಿಸಿದನೇ, ಬೆದರಿಸಿದನೇ, ಚಿತ್ರ ಹರಡಿದನೇ ಎಂದು ಕೇಳುತ್ತವೆ. 66ಎ ಕೇಳುತ್ತಿದ್ದದ್ದು ಕೇಳಿಸಿಕೊಂಡವನಿಗೆ ಏನನ್ನಿಸಿತು ಎಂಬುದನ್ನು. ಮೊದಲ ಪ್ರಶ್ನೆಗೆ ಸಾಕ್ಷ್ಯದಿಂದ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಕೊಡುವವನು ಎಷ್ಟು ಪ್ರಬಲನೋ ಅಷ್ಟು ಬೇಗ ಎದುರಿನವನ ಕೈಗೆ ಕೋಳ ಬೀಳುತ್ತದೆ.

ಹಾಗೆಂದು ಕೊರತೆಗಳಿಲ್ಲವೆಂದಲ್ಲ. 78ನೇ ಕಲಮು ಮಹಿಳೆಯರಿಗೆ ಮಾತ್ರ ಅನ್ವಯಿಸುತ್ತದೆ. ಸಹಪಾಠಿಗಳು ಗುಂಪುಕಟ್ಟಿ ಹಂಗಿಸುವ ಹುಡುಗನಿಗೆ ನೇರವಾದ ಕಾನೂನಿಲ್ಲ. ಒಬ್ಬೊಬ್ಬರು ಒಂದೊಂದೇ ಮಾತು ಬರೆದು, ಸಾವಿರ ಜನ ಸೇರಿ ಒಬ್ಬಳನ್ನು ಜಜ್ಜಿಹಾಕಿದಾಗ ಅಪರಾಧಿ ಯಾರೆಂಬ ಪ್ರಶ್ನೆಗೆ ಹಳೆಯ ಕಲಮುಗಳಲ್ಲಿ ಸುಲಭದ ಉತ್ತರವಿಲ್ಲ. ಟಿ.ಕೆ. ವಿಶ್ವನಾಥನ್ ಸಮಿತಿ 2017ರಲ್ಲಿ ದ್ವೇಷ ಪ್ರಚೋದನೆಯ ಮಾತುಗಳಿಗೆ ಹೊಸ ಕಲಮುಗಳನ್ನು ಸೂಚಿಸಿತ್ತು, ಅವು ಕಾನೂನಾಗಲಿಲ್ಲ. ದೂರು ಕೊಡಲು ಹೋದವರಿಗೆ ಮೊದಲು ಸಿಗುವುದು 'ಖಾತೆ ಮುಚ್ಚಿಬಿಡಿ' ಎಂಬ ಉಪದೇಶವಾದರೆ, ಕಾನೂನು ಪುಸ್ತಕದಲ್ಲಿ ಎಷ್ಟಿದ್ದರೇನು?

ಈ ನಡುವೆ ವಿವಾದದ ಕೇಂದ್ರ ಬರೆಯುವವರ ಬಂಧನದಿಂದ ಬರಹವನ್ನು ಅಳಿಸುವುದರತ್ತ ಸರಿದಿದೆ. ಅಂತರ್ಜಾಲ ಸಂಸ್ಥೆಗಳು ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬಂದಾಗ ಮಾತ್ರ ಬರಹ ತೆಗೆದರೆ ಸಾಕೆಂದು 2015ರ ತೀರ್ಪು ಹೇಳಿತ್ತು. ಆದೇಶ ಕೊಡುವ ಅಧಿಕಾರ ಸರ್ಕಾರದ ಎಷ್ಟು ಕೈಗಳಿಗಿರಬಹುದು ಎಂಬುದು ಈಗಿನ ಪ್ರಶ್ನೆ. ಸರ್ಕಾರದ 'ಸಹಯೋಗ್' ಜಾಲತಾಣದ ಮೂಲಕ ಇಂಥ ಸೂಚನೆಗಳನ್ನು ಕಳಿಸುವುದನ್ನು ಪ್ರಶ್ನಿಸಿ ಎಕ್ಸ್ ಸಂಸ್ಥೆ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಶ್ರೇಯಾ ಸಿಂಘಲ್ ತೀರ್ಪು ಹಿಂದಿನ ನಿಯಮಗಳನ್ನು ಕುರಿತದ್ದು, ಅದನ್ನು ಹೊಸ ನಿಯಮಗಳಿಗೆ ಹಾಗೆಯೇ ಹೊಂದಿಸಲಾಗದು ಎಂಬುದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ನಿಲುವು. ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸಂಸತ್ ಸದಸ್ಯ ಇಮ್ರಾನ್ ಪ್ರತಾಪಗಢಿ ಅವರ ವಿರುದ್ಧ ಕವಿತೆಯೊಂದಕ್ಕಾಗಿ ಗುಜರಾತಿನಲ್ಲಿ ದಾಖಲಾಗಿದ್ದ ಪ್ರಕರಣವನ್ನು ರದ್ದು ಮಾಡುತ್ತ, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಯಿಂದ ನೋಡಬೇಕಲ್ಲದೆ, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರ ಅಳತೆಯಿಂದಲ್ಲ ಎಂದಿತ್ತು. ಎರಡು ತೀರ್ಪುಗಳ ನಡುವಿನ ಅಂತರವೇ ಈ ಚರ್ಚೆ ಮುಗಿದಿಲ್ಲ ಎಂಬುದನ್ನು ಹೇಳುತ್ತದೆ.

1898ರ ಅಂಚೆ ಕಾಯಿದೆ ಈಗಿಲ್ಲ. ಅದರ ಜಾಗದಲ್ಲಿ ಬಂದ ಹೊಸ ಅಂಚೆ ಕಚೇರಿ ಕಾಯಿದೆ 2024ರ ಜೂನ್‌ನಲ್ಲಿ ಜಾರಿಯಾಯಿತು. 66ಎ ಕೂಡ ಇಲ್ಲ. ಆದರೆ ವ್ಯಂಗ್ಯಚಿತ್ರ ಕಳಿಸಿದ ತಪ್ಪಿಗೆ 2012ರಲ್ಲಿ ಬಂಧಿತರಾಗಿದ್ದ ಪ್ರಾಧ್ಯಾಪಕ ಮಹಾಪಾತ್ರ ಅವರು ಆ ಮೊಕದ್ದಮೆಯಿಂದ ಬಿಡುಗಡೆ ಹೊಂದಿದ್ದು 2023ರ ಜನವರಿಯಲ್ಲಿ. ಕಲಮು ಬದುಕಿದ್ದದ್ದು ಐದೂವರೆ ವರ್ಷ. ಅವರು ನ್ಯಾಯಾಲಯಕ್ಕೆ ಅಲೆದದ್ದು ಹತ್ತು ವರ್ಷಕ್ಕೂ ಮೇಲೆ.